18 ಸಾವಿರದ ಕ್ರ್ಯಾಶ್ ಕೋರ್ಸಾ, ಸರ್ಕಾರಿ ಕಾಲೇಜಿನ ಉಚಿತ ಸಿಇಟಿ ತರಗತಿಯಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸರ್ಕಾರಿ ಪಿಯು ಕಾಲೇಜಿನಲ್ಲಿ ನಡೆಯುವ ಉಚಿತ ಸಿಇಟಿ ತರಗತಿಗೆ, ಅಂದರೆ ಎಂಜಿನಿಯರಿಂಗ್, ಕೃಷಿಯಂಥ ಕೋರ್ಸುಗಳ ಪ್ರವೇಶ ಪರೀಕ್ಷೆಗೆ ಓದಿಸುವ ತರಗತಿಗೆ. ಸುಮ್ನೆ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಮೂರು ದಾರಿಯನ್ನೂ ತುಳಿದು ನೋಡಿದ್ದೇವೆ. 2020ರಲ್ಲಿ ನಾನು ದುಡ್ಡು ಕಟ್ಟಿ ಶಿವಮೊಗ್ಗದಲ್ಲಿ ಖಾಸಗಿ ಕ್ರ್ಯಾಶ್ ಕೋರ್ಸ್ ಸೇರಿದೆ. ಅದು ಕೈಕೊಟ್ಟಾಗ ಸರ್ಕಾರದ ಆನ್‌ಲೈನ್ ಪಾಠ ಹಿಡಿದೆ. ತಂಗಿ ಕಾಲೇಜಿನ ಉಚಿತ ತರಗತಿಯಲ್ಲೇ ಓದಿ 2025ರ ಏಪ್ರಿಲ್‌ನಲ್ಲಿ ಸಿಇಟಿ ಬರೆದಳು.

ನಮ್ಮೂರು ಹೊಸನಗರಕ್ಕೂ ತೀರ್ಥಹಳ್ಳಿಗೂ ನಡುವೆ, ಕ್ರಾಸಿನಿಂದ 3 ಕಿಲೋಮೀಟರ್ ಒಳಗೆ. ಅಪ್ಪ ಅಡಿಕೆ ಕೊನೆ ತೆಗೆಯಲು ಹೋಗುತ್ತಾರೆ. ಅಮ್ಮ ಸುಗ್ಗಿಯಲ್ಲಿ ಅಡಿಕೆ ಸುಲಿಯುತ್ತಾರೆ. ಮನೆ ಹಿಂದೆ ಸ್ವಲ್ಪ ತೋಟ ಇದೆ, ಅದರಿಂದ ಮನೆ ನಡೆಯುವುದಿಲ್ಲ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ.

ಕ್ರ್ಯಾಶ್ ಕೋರ್ಸ್ ಫೀಸು 18 ಸಾವಿರ. ಆ ಸುಗ್ಗಿಯಲ್ಲಿ ಅಮ್ಮ ರಾತ್ರಿ 11ರವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತು ಸಂಪಾದಿಸಿದ ಕೂಲಿ ಅದು. ನೋಟು ಎಣಿಸಿ ನನ್ನ ಕೈಗೆ ಕೊಡುವಾಗ ಅವರ ಬೆರಳ ತುದಿಯೆಲ್ಲ ಅಡಿಕೆಯ ಚೊಗರು ಹಿಡಿದು ಕಪ್ಪಾಗಿತ್ತು. ಫೆಬ್ರವರಿಯಲ್ಲೇ ಪೂರ್ತಿ ಕಟ್ಟಿದರೆ 2 ಸಾವಿರ ಕಡಿಮೆ ಎಂದಿದ್ದರು, ಅದಕ್ಕೇ ಅವಸರ ಮಾಡಿ ಕಟ್ಟಿದೆವು. ದ್ವಿತೀಯ ಪಿಯು ಪರೀಕ್ಷೆ ಮುಗಿದ ತಕ್ಷಣ ತರಗತಿ ಶುರುವಾಗಬೇಕಿತ್ತು. ಇಂಗ್ಲಿಷ್ ಪರೀಕ್ಷೆ ಬಾಕಿ ಇರುವಾಗಲೇ ಲಾಕ್‌ಡೌನ್ ಬಂತು. ಸಂಸ್ಥೆಯವರು ಬಾಗಿಲು ಹಾಕಿ, ಪಾಠವನ್ನು ಲೈವ್ ವಿಡಿಯೋದಲ್ಲಿ ಮಾಡುತ್ತೇವೆ ಎಂದರು. ನಮ್ಮನೆಯಲ್ಲಿ ಕರೆ ಬಂದರೇ ಅರ್ಧ ಮಾತು ಕೇಳಿಸುವುದಿಲ್ಲ, ಲೈವ್ ವಿಡಿಯೋ ಎಲ್ಲಿಂದ ಬರಬೇಕು? ಫೀಸು ವಾಪಸ್ ಕೇಳಿದೆವು. ಸಹಿ ಹಾಕಿದ ಅರ್ಜಿಯ ಹಿಂಬದಿ ತೋರಿಸಿದರು, ಕಟ್ಟಿದ ಹಣ ಹಿಂದಿರುಗಿಸುವುದಿಲ್ಲ ಎಂದು ಬರೆದಿತ್ತು. ಕೊರೊನಾ ಯಾರ ಕೈಯಲ್ಲೂ ಇರಲಿಲ್ಲ, ಒಪ್ಪುತ್ತೇನೆ. ಆದರೆ ಆಗದೇ ಇರುವ ಪಾಠದ ದುಡ್ಡಲ್ಲಿ ಅರ್ಧವಾದರೂ ಕೊಡಬಹುದಿತ್ತು ಅಲ್ವಾ?

ಅವರು ಕೊಟ್ಟ ಪುಸ್ತಕ ಮಾತ್ರ ಚೆನ್ನಾಗಿತ್ತು. ತಂಗಿಯೂ ಅದನ್ನೇ ಓದಿದಳು.

ಆ ಏಪ್ರಿಲ್‌ನಲ್ಲೇ ರಾಜ್ಯ ಸರ್ಕಾರ ಗೆಟ್‌ಸಿಇಟಿಗೋ ಹೆಸರಲ್ಲಿ ಉಚಿತ ಆನ್‌ಲೈನ್ ಪಾಠ ಶುರು ಮಾಡಿತು. ಯೂಟ್ಯೂಬ್‌ನಲ್ಲೂ ಸಿಗುತ್ತಿತ್ತು. ಪಾಠ ನಿಜಕ್ಕೂ ಚೆನ್ನಾಗಿತ್ತು, ಬೇಕಾದಷ್ಟು ಸಲ ನಿಲ್ಲಿಸಿ ನೋಡಬಹುದಿತ್ತು. ಈಗಿನವರಿಗೆ ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರ 2023ರಲ್ಲಿ ತಂದ ಸಾಥಿ ಎಂಬ ಆನ್‌ಲೈನ್ ಪಾಠ ಕೂಡ ಇದೆ, ಐಐಟಿಯಂಥ ಕಡೆ ಎಂಜಿನಿಯರಿಂಗ್ ಸೀಟಿಗೆ ಬರೆಯುವ ಜೆಇಇ ಮತ್ತು ವೈದ್ಯಕೀಯ ಸೀಟಿಗೆ ಬರೆಯುವ ನೀಟ್ ಓದುವವರಿಗೆ ಅದೂ ಉಚಿತ. ತೊಂದರೆ ಪಾಠದ್ದಲ್ಲ, ನಮ್ಮ ಗುಡ್ಡಗಳದ್ದು. ನಾನು ದಿನಾ ಮನೆ ಮೇಲಿನ ಗುಡ್ಡದ ಬಂಡೆಗೆ ಹೋಗಿ ಕೂರುತ್ತಿದ್ದೆ. ಜೂನ್ ಬಂದ ಮೇಲೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮೊಬೈಲ್. ಬರೆದುಕೊಳ್ಳಲು ಮೂರನೇ ಕೈ ಇರಲಿಲ್ಲ. ಇಳಿದು ಬಂದು ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕಿತ್ತು ಹಾಕಿದ ಮೇಲೆ, ನೆನಪಿದ್ದಷ್ಟನ್ನು ಬರೆದುಕೊಳ್ಳುತ್ತಿದ್ದೆ. ಮಲೆನಾಡಿನ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಜನ ಬೋರ್ಡ್ ಹಿಡಿದದ್ದು ಸುಮ್ಮನೆ ಅಲ್ಲ.

ಆ ಜುಲೈ 30 ಮತ್ತು 31ಕ್ಕೆ ಸಿಇಟಿ ನಡೆಯಿತು. ಅಲ್ಲಿ ನಾನು ಮಾಡಿದ ತಪ್ಪು ಇವತ್ತಿಗೂ ಕಾಡುತ್ತದೆ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೆ ನೀಟ್‌ನಲ್ಲಿ ಒಂದು ತಪ್ಪಿಗೆ ಒಂದು ಅಂಕ ಹೋಗುತ್ತದೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಓದಿದ ನನಗೆ ಈ ವ್ಯತ್ಯಾಸವನ್ನು ಎದುರು ಕೂತು ಹೇಳುವವರು ಇರಲಿಲ್ಲ. ಗಣಿತದಲ್ಲೇ 11 ಪ್ರಶ್ನೆ ಖಾಲಿ ಬಿಟ್ಟು ಬಂದೆ. ಬೇಕಿದ್ದ ಸೀಟು ಸಿಗಲಿಲ್ಲ, ಬಿಎಸ್ಸಿ ಸೇರಿದೆ.

ಈಗ ತಂಗಿಯ ವಿಷಯ. ಕಾಲೇಜಿನ ಉಚಿತ ತರಗತಿಗೆ ಸೇರಿದ ಮೊದಲ ವಾರವೇ ಅವಳ ಭೌತಶಾಸ್ತ್ರದ ಮೇಷ್ಟ್ರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದರಂತೆ, ‘ಸಿಇಟಿಯಲ್ಲಿ ಒಂದು ವೃತ್ತವೂ ಖಾಲಿ ಇರಬಾರದು’ ಎಂದು. ವೃತ್ತ ಅಂದರೆ ಉತ್ತರ ಗುರುತಿಸಲು ಹಾಳೆಯಲ್ಲಿ ತುಂಬುವ ಗುಂಡು. ಮನೆಗೆ ಬಂದು ಅವಳು ಇದನ್ನು ಹೇಳಿದಾಗ ನಾನು ಊಟದ ತಟ್ಟೆ ಮುಂದೆ ಸುಮ್ಮನೆ ಕೂತುಬಿಟ್ಟೆ.

ಆ ತರಗತಿಯ ಬೆಲೆ ಅಲ್ಲೇ ಇರುವುದು. ಸ್ಮಾರ್ಟ್ ಬೋರ್ಡಿನಲ್ಲಿ ಬೆಂಗಳೂರಿನಿಂದ ಪಾಠ ಬರುತ್ತದೆ, ಅದು ಎಲ್ಲಾ ಕಡೆ ಸಿಗುವಂಥದ್ದೇ. ಪಾಠ ಮುಗಿದ ಮೇಲೆ ಎದುರಿಗೊಬ್ಬ ಮೇಷ್ಟ್ರು ಇರುತ್ತಾರಲ್ಲ, ಅದು ಎಲ್ಲಾ ಕಡೆ ಸಿಗುವುದಿಲ್ಲ. ತಂಗಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್‌ನಲ್ಲಿ ಅರ್ಥವಾಗದ್ದನ್ನು ಕನ್ನಡದಲ್ಲಿ ಕೇಳಲು ಅವಳಿಗೆ ನಾಚಿಕೆ ಆಗಲಿಲ್ಲ, ಯಾಕೆಂದರೆ ಅಲ್ಲಿದ್ದವರೆಲ್ಲ ಅವಳ ಹಾಗೇ ಇದ್ದವರು. ಶನಿವಾರ ಹಳೆಯ ಪ್ರಶ್ನೆಪತ್ರಿಕೆ, ಜೆರಾಕ್ಸ್ ಮಾಡಿದ ಓಎಂಆರ್ ಉತ್ತರ ಹಾಳೆ, ಗಡಿಯಾರ ನೋಡಿಕೊಂಡು 80 ನಿಮಿಷ. ಇನ್ನೊಂದು ಮಾತು, ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯು ಅಂಕ ಅರ್ಧ. ಕಾಲೇಜಿನವರು ಎರಡನ್ನೂ ಒಟ್ಟಿಗೆ ಓದಿಸುತ್ತಾರೆ. ಕ್ರ್ಯಾಶ್ ಕೋರ್ಸಿಗೆ ಬೋರ್ಡ್ ಪರೀಕ್ಷೆ ಲೆಕ್ಕಕ್ಕೇ ಇರಲಿಲ್ಲ.

ಕರೆಂಟು ಹೋದರೆ ಸ್ಮಾರ್ಟ್ ಬೋರ್ಡ್ ಕಪ್ಪು. ಮಳೆ ರಜೆ ಬಂದರೆ ತರಗತಿಯೂ ಇಲ್ಲ. ಇವೆಲ್ಲ ಸಹಿಸಬಹುದು.

ಸಹಿಸಲಾಗದೆ ಹೋದದ್ದು ಬಸ್ಸು. ತರಗತಿ ಬಿಡುವುದು 5:30ಕ್ಕೆ. ನಮ್ಮೂರ ಒಳಗೆ ಬರುವ ಕೊನೆಯ ಬಸ್ಸು ಹೊರಡುವುದು 5:10ಕ್ಕೆ. ಈ 20 ನಿಮಿಷ ನಮ್ಮನ್ನು ಎಷ್ಟು ಅಲೆದಾಡಿಸಿತು ಎಂದರೆ, ಒಂದು ಹಂತದಲ್ಲಿ ಅಪ್ಪ ತರಗತಿಯೇ ಬೇಡ ಎಂದುಬಿಟ್ಟಿದ್ದರು.

ಮೊದಲು ತಂಗಿ 5 ಗಂಟೆಗೇ ಎದ್ದು ಬರತೊಡಗಿದಳು. ಪ್ರಶ್ನೆ ಬಿಡಿಸುವುದು ಕೊನೆಯ ಅರ್ಧ ಗಂಟೆಯಲ್ಲೇ, ಅದೇ ತಪ್ಪಿಹೋಗುತ್ತಿತ್ತು. ಆಮೇಲೆ ಕಂಡಕ್ಟರಿಗೆ ಹೇಳಿ ನೋಡಿದೆವು. ಎರಡು ದಿನ ನಿಲ್ಲಿಸಿಕೊಂಡರು, ಪಾಪ. ಮೂರನೇ ದಿನ ಹಿಂದಿನ ಬಸ್ಸಿನವರು ಟೈಮಿಂಗ್ ವಿಷಯಕ್ಕೆ ಜಗಳ ತೆಗೆದರು, ಅಲ್ಲಿಗೆ ನಿಂತಿತು. ಮುಂದಿನ ಬಸ್ಸು 6:40ಕ್ಕೆ, ಅದು ಕ್ರಾಸ್‌ವರೆಗೆ ಮಾತ್ರ. ಅಲ್ಲಿಂದ ಕಾಡಿನ ದಾರಿ. ಅಪ್ಪ ಟಾರ್ಚು ಹಿಡಿದು ಕ್ರಾಸಿನಲ್ಲಿ ಕಾಯುತ್ತಿದ್ದರು. ಒಂದು ದಿನ ರಸ್ತೆ ಮಧ್ಯೆ ಕಾಡುಕೋಣ ನಿಂತಿತ್ತು. ಅದು ಕದಲುವವರೆಗೆ ಇಬ್ಬರೂ ಮಳೆಯಲ್ಲಿ ನಿಂತಿದ್ದರು. ಮನೆ ಮುಟ್ಟಿದಾಗ ಗಂಟೆ 9 ಆಗಿತ್ತು, ಪುಸ್ತಕವೆಲ್ಲ ಒದ್ದೆ. ಅಮ್ಮ ಅವನ್ನು ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದರು.

ಶಕ್ತಿ ಯೋಜನೆ ಇದೆಯಲ್ಲ ಎಂದು ಕೇಳುವವರಿಗೆ ಒಂದು ಮಾತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ, ಆದರೆ ಸರ್ಕಾರಿ ಬಸ್ಸಿನಲ್ಲಿ. ನಮ್ಮ ರಸ್ತೆಯಲ್ಲಿ ಓಡುವುದು ಖಾಸಗಿ ಬಸ್ಸು. ಹೋಗಲು 20 ರೂಪಾಯಿ, ಬರಲು 20. ಉಚಿತ ತರಗತಿಗೆ ನಾವು ತಿಂಗಳಿಗೆ ಸುಮಾರು 1,000 ರೂಪಾಯಿ ಬಸ್ಸಿಗೇ ಕೊಟ್ಟೆವು. ಪಾಠ ಉಚಿತವಾಗಿ ಕೊಡುವ ಸರ್ಕಾರ ಸಂಜೆ ಒಂದು ಬಸ್ಸು ಬಿಟ್ಟರೆ ಎಷ್ಟು ಮಕ್ಕಳಿಗೆ ಅನುಕೂಲ ಆಗುತ್ತದೆ!

ಕೊನೆಗೆ ದಾರಿ ತೋರಿಸಿದ್ದು ಕಾಲೇಜೇ. ನಮ್ಮ ಕಡೆಯ ನಾಲ್ಕು ಹುಡುಗಿಯರು ಒಟ್ಟಾಗಿ ಪ್ರಾಂಶುಪಾಲರಿಗೆ ಪತ್ರ ಬರೆದರು. ಪ್ರಶ್ನೆ ಬಿಡಿಸುವುದನ್ನು ಬೆಳಿಗ್ಗೆ 8:15ಕ್ಕೆ ಇಟ್ಟುಕೊಳ್ಳೋಣ ಎಂದು ಅದೇ ಭೌತಶಾಸ್ತ್ರದ ಮೇಷ್ಟ್ರು ಮುಂದೆ ಬಂದರು. ನಮ್ಮೂರ ಮೊದಲ ಬಸ್ಸು 7:50ಕ್ಕೆ ಪೇಟೆ ಮುಟ್ಟುತ್ತದೆ. ಸೆಪ್ಟೆಂಬರ್‌ನಿಂದ ಹಾಗೇ ನಡೆಯಿತು. ನಾಲ್ಕು ಹಳ್ಳಿ ಹುಡುಗಿಯರಿಗಾಗಿ ನನ್ನ ಕ್ರ್ಯಾಶ್ ಕೋರ್ಸಿನವರು ವೇಳಾಪಟ್ಟಿ ಬದಲಿಸುತ್ತಿದ್ದರು ಎಂದು ನನಗೆ ಅನ್ನಿಸುವುದಿಲ್ಲ.

ಹಾಸ್ಟೆಲ್ ಸೀಟು ಸಿಕ್ಕರೆ ಈ ಕಷ್ಟವೇ ಇಲ್ಲ. ಸಿಗದ ಹಿಂದುಳಿದ ವರ್ಗದ ಮಕ್ಕಳು ಸರ್ಕಾರದ ವಿದ್ಯಾಸಿರಿಗೆ ಅರ್ಜಿ ಹಾಕಿ, ಊಟ-ವಸತಿಗೆ ತಿಂಗಳ ಲೆಕ್ಕದಲ್ಲಿ ಸಹಾಯಧನ ಬರುತ್ತದೆ. ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿ, ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇರಲಿ. 1ರಿಂದ 10ರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಎರಡನ್ನೂ ಕೇಳಲು ಮರೆಯಬೇಡಿ.

ತಂಗಿಗೆ ಬಿಎಸ್ಸಿ ಕೃಷಿ ಸೀಟು ಸಿಕ್ಕಿತು. ಒಂದು ವೃತ್ತವನ್ನೂ ಖಾಲಿ ಬಿಟ್ಟಿರಲಿಲ್ಲ.

ಶಿವಮೊಗ್ಗದಲ್ಲೇ ಮನೆ, ಕೈಯಲ್ಲಿ ದುಡ್ಡು ಇರುವವರು ಖಾಸಗಿ ಕೋಚಿಂಗ್ ನೋಡಲಿ, ಆದರೆ ಫೀಸನ್ನು ಕಂತಿನಲ್ಲಿ ಕಟ್ಟಿ. ಮನೆಯಲ್ಲಿ ಒಳ್ಳೆ ನೆಟ್‌ವರ್ಕ್ ಇದ್ದು, ತಾನೇ ಕೂತು ಓದುವ ಅಭ್ಯಾಸ ಇದ್ದರೆ ಆನ್‌ಲೈನ್ ಸಾಕು. ನಮ್ಮಂಥ ಮನೆಯವರಿಗೆ ಕಾಲೇಜಿನ ತರಗತಿಯೇ. ಸೇರಿದ ಮೊದಲ ವಾರವೇ ಬಸ್ಸಿನ ಟೈಮು ಬರೆದುಕೊಂಡು ಹೋಗಿ, ಬೆಳಿಗ್ಗೆ ಪಾಠ ಇಡಲು ಆಗುತ್ತದಾ ಎಂದು ಕೇಳಿ. ನಾವು ಅದನ್ನು ಕೇಳಿದ್ದು ಸೆಪ್ಟೆಂಬರ್‌ನಲ್ಲಿ, ಅಷ್ಟರಲ್ಲಿ ಇಡೀ ಮಳೆಗಾಲ ಕಳೆದಿತ್ತು.