ಒಂದು ಡ್ರೈವರ್, ಹನ್ನೆರಡು ಡ್ರೈವರ್: ಐಇ 900 ಮತ್ತು ಯು12ಟಿ ಎರಡು ವರ್ಷ ಬಳಸಿದ ಮೇಲೆ

ಐಇ 900, ಯು12ಟಿ ಎರಡೂ ಕಿವಿಯೊಳಗೆ ತೂರಿಸಿಕೊಳ್ಳುವ ಇಯರ್‌ಫೋನ್‌ಗಳು. ಎರಡನ್ನೂ ಹೊಸದಾಗಿ ಕೊಳ್ಳುವ ತಾಕತ್ತು ನನಗಿರಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಸೆನ್‌ಹೈಸರ್ ಐಇ 900 ಮಾರುಕಟ್ಟೆಗೆ ಬಂದದ್ದು 2021ರಲ್ಲಿ, ಆಗಿನ ಬೆಲೆ 1,299 ಡಾಲರ್. 64 ಆಡಿಯೊ ಕಂಪನಿಯ ಯು12ಟಿ ಬಂದಾಗ 1,999 ಡಾಲರ್ ಇತ್ತು. ನನ್ನ ಹತ್ತಿರ ಇರುವ ಎರಡೂ ಸೆಕೆಂಡ್ ಹ್ಯಾಂಡ್.

ಒಳಗಿನ ಕಸುಬು ಪೂರಾ ಬೇರೆ. ಡ್ರೈವರ್ ಅಂದರೆ ಒಳಗೆ ಸದ್ದು ಹುಟ್ಟಿಸುವ ಪುಟ್ಟ ಸ್ಪೀಕರ್. ಐಇ 900ರಲ್ಲಿ ಕಿವಿಗೊಂದು 7 ಎಂಎಂ ಡೈನಮಿಕ್ ಡ್ರೈವರ್, ಅಷ್ಟೇ. ಯು12ಟಿಯಲ್ಲಿ ಕಿವಿಗೆ ಬ್ಯಾಲೆನ್ಸ್ಡ್ ಆರ್ಮೇಚರ್ ಅನ್ನುವ ಇನ್ನೊಂದು ಬಗೆಯ 12 ಡ್ರೈವರ್: ಬೇಸ್‌ಗೆ 4, ಮಿಡ್‌ಗೆ 6, ಅದರ ಮೇಲಕ್ಕೆ 2. ಲೆಕ್ಕ ನೋಡಿ ಕೊಳ್ಳಲು ಹೊರಟರೆ ಕೆಟ್ಟಿರಿ.

ನಾನು ಹೆಚ್ಚು ಕೇಳುವುದು ಕರ್ನಾಟಕ ಸಂಗೀತದ ಕಛೇರಿ. ಮೃದಂಗದ ಎಡಕ್ಕೆ ರವೆ ಮೆತ್ತಿರುತ್ತಾರಲ್ಲ, ಅಂಗೈ ಬುಡದಿಂದ ಒತ್ತಿ ಗುಮ್ಕಿ ಎಳೆದಾಗ ‘ಗುಂ’ ಅಂತ ಎದ್ದು ಮೇಲಕ್ಕೆ ಬಾಗುವ ಆ ನಾದವೇ ನನ್ನ ತಕ್ಕಡಿ. ಐಇ 900ರಲ್ಲಿ ಅದಕ್ಕೆ ಗಾಳಿಯಿದೆ, ತೂಕವಿದೆ. ಚರ್ಮ ನಡುಗಿ ಮೆಲ್ಲಗೆ ಸುಮ್ಮನಾಗುವುದು ದವಡೆಯ ಮೂಳೆಗೂ ತಾಗಿದ ಹಾಗಿರುತ್ತದೆ. ಯು12ಟಿಯಲ್ಲಿ ಅದೇ ಪೆಟ್ಟು ಬೇಗ ಬಂದು ಬೇಗ ಹೋಗುತ್ತದೆ. ಆದರೆ ತನಿಯಲ್ಲಿ, ಅಂದರೆ ತಾಳವಾದ್ಯಗಳವರೇ ನುಡಿಸುವ ಸರದಿಯಲ್ಲಿ, ಮೃದಂಗ, ಘಟ ಎರಡೂ ಜೋರು ಹಿಡಿದಾಗ ಆ ಚುರುಕೇ ಕೈಹಿಡಿಯುತ್ತದೆ: ಯಾವ ಪೆಟ್ಟು ಯಾರದ್ದು ಅಂತ ಎಣಿಸಬಹುದು.

ಗಾಯನಕ್ಕೆ ಬಂದರೆ ನಾನು ಯು12ಟಿ ಪಕ್ಷ. ಐಇ 900ರಲ್ಲಿ ಹಾಡುವವರು ಒಂದು ಮೊಳ ಹಿಂದೆ ಸರಿದು ಕೂತ ಹಾಗೆ, ತಂಬೂರಿಯ ಝೇಂಕಾರ ಒಂದು ಮೊಳ ಮುಂದೆ. ಒಳ್ಳೆಯ ರೆಕಾರ್ಡಿಂಗ್ ಆದರೆ ಆ ಹೊಳಪು ಸೊಗಸು; ಹಳೆಯ ಟೇಪಿನಿಂದ ಇಳಿಸಿದ್ದಾದರೆ ‘ಸ್‌ಸ್’ ಸದ್ದೂ ಎದ್ದು ನಿಲ್ಲುತ್ತದೆ, ಅರ್ಧ ಗಂಟೆಗೆ ಕಿವಿ ದಣಿಯುತ್ತದೆ. ಮೂರು ಗಂಟೆಯ ಕಛೇರಿಗೆ ಯು12ಟಿಯನ್ನೇ ಹಾಕಿಕೊಳ್ಳುತ್ತೇನೆ. ಅದರ ಪುಟ್ಟ ಎಪೆಕ್ಸ್ ಬಿರಡೆ ಕಿವಿಯೊಳಗಿನ ಒತ್ತಡವನ್ನು ಹೊರಬಿಡುತ್ತದೆ. ಎಂ20 ಅನ್ನುವ ಬಿರಡೆ ಹೊರಗಿನ ಗದ್ದಲವನ್ನು 20 ಡೆಸಿಬೆಲ್ ತಗ್ಗಿಸಿದರೆ ಎಂ15 ಅನ್ನುವುದು ತಗ್ಗಿಸುವುದು 15. ಎಂ15ರಲ್ಲಿ ಬೇಸೂ ಸ್ವಲ್ಪ ಇಳಿಯುತ್ತದೆ. ಬಸ್ಸಿಗೆ ಎಂ20, ಮನೆಗೆ ಎಂ15.

ಹೋಲಿಸಿ ನೋಡುವವರಿಗೆ ಒಂದು ಮಾತು: ವಾಲ್ಯೂಮ್ ಸಮ ಮಾಡಿಕೊಳ್ಳದೆ ಕೂರಬೇಡಿ. ಯಾವುದು ಚೂರು ಜೋರಾಗಿರುತ್ತದೋ ಅದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಮೊದಲ ತಿಂಗಳೆಲ್ಲ ನಾನು ಮೋಸಹೋದದ್ದು ಹೀಗೇ.

ಕಳೆದ ಮಳೆಗಾಲದಲ್ಲಿ ಐಇ 900ರ ಎಡಗಡೆ ದಿನೇ ದಿನೇ ಕುಗ್ಗತೊಡಗಿತು. ಡ್ರೈವರೇ ಹೋಯಿತು ಅಂತ ಎರಡು ರಾತ್ರಿ ನಿದ್ದೆಗೆಟ್ಟೆ. ಕೇಬಲ್ ಬದಲಿಸಿದರೂ ಅಷ್ಟೇ. ಕೊನೆಗೆ ಟಿಪ್, ಅಂದರೆ ಕಿವಿಯೊಳಗೆ ಕೂರುವ ಮೆತ್ತನೆಯ ತುದಿ, ಕಿತ್ತು ಟಾರ್ಚ್ ಬಿಟ್ಟು ನೋಡಿದರೆ ಜಾಲರಿಯ ಮೇಲೆ ನನ್ನದೇ ಗುಗ್ಗೆ! ಜೊತೆಗೆ ಬಂದ ಟಿಪ್‌ಗಳೊಳಗೆ ಅದನ್ನು ತಡೆಯಲೆಂದೇ ಸ್ಪಂಜು ಇರುತ್ತದೆ. ನಾನು ಬುದ್ಧಿವಂತಿಕೆ ತೋರಿಸಿ ಬೇರೆ ಟಿಪ್ ಹಾಕಿದ್ದೆ. ಮೆತ್ತನೆಯ ಬ್ರಷ್‌ನಿಂದ, ಜಾಲರಿಯನ್ನು ಕೆಳಮುಖ ಮಾಡಿ ಹಿಡಿದು ತಟ್ಟಿದೆ, ಸದ್ದು ಮರಳಿತು. ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಎರಡಿಟ್ಟುಕೊಂಡು ಏನು ಮಾಡುವುದು ಅಂತ ಐಇ 900 ಮಾರಲು ಎರಡು ಸಲ ಜಾಹೀರಾತು ಬರೆದದ್ದೂ ಆಯಿತು. ಎರಡು ಸಲವೂ, ಕಳಿಸುವ ಮುಂಚೆ ಒಂದೇ ಒಂದು ಗುಮ್ಕಿ ಕೇಳೋಣ ಅಂತ ಹಾಕಿಕೊಂಡು, ಬರೆದದ್ದನ್ನು ಅಳಿಸಿದೆ.