ಬುಕಾನನ್ ಓದಲು ಮೂರು ದಾರಿ: ನನ್ನ ಓಟು ಸ್ಪೈರಲ್ ಬೈಂಡಿಂಗ್‌ಗೆ

ಫ್ರಾನ್ಸಿಸ್ ಬುಕಾನನ್‌ನ ಪ್ರವಾಸದ ಪುಸ್ತಕವನ್ನು ನಾನು ಮೂರು ರೂಪದಲ್ಲಿ ಓದಿದ್ದೇನೆ. ಒಂದು, ಆನ್‌ಲೈನ್‌ನಲ್ಲಿ ತರಿಸಿದ ಹೊಸ ಪೇಪರ್‌ಬ್ಯಾಕ್. ಎರಡು, ಗೆಳೆಯನೊಬ್ಬನ ಹತ್ತಿರ ಇಸಕೊಂಡು ಬಂದ ಹಾರ್ಡ್‌ಬೌಂಡ್ ಮರುಮುದ್ರಣ. ಮೂರು, ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುವ ಸ್ಕ್ಯಾನ್ ಇಳಿಸಿಕೊಂಡು, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಹೊಡೆಸಿದ ಪ್ರತಿ. ಈಗ ನಮ್ಮನೆ ಜಗಲಿ ಮೇಲೆ ಇರುವುದು ಮೂರನೆಯದು. ಮೊದಲನೆಯದಕ್ಕೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬುಕಾನನ್ ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಕಾಟ್ಲೆಂಡಿನ ವೈದ್ಯ, ಈಸ್ಟ್ ಇಂಡಿಯಾ ಕಂಪನಿಯ ನೌಕರ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಯಾರು ಏನು ಕಸುಬು ಮಾಡುತ್ತಾರೆ ಅಂತ ನೋಡಿಕೊಂಡು ಬಾ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಇವನನ್ನು ಕಳಿಸಿದ. 1800ರ ಏಪ್ರಿಲ್ 23ರಂದು ಮದ್ರಾಸಿನಿಂದ ಹೊರಟವನು ಮೈಸೂರು, ಮಲಬಾರ್, ಕನ್ನಡ ಜಿಲ್ಲೆ ಎಲ್ಲ ಸುತ್ತಿ ಮುಂದಿನ ವರ್ಷ ವಾಪಸಾದ. ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಬಂತು. ದಿನಚರಿಯ ಹಾಗೇ ಇದೆ. ಇವತ್ತು ಇಲ್ಲಿ ತಂಗಿದೆ, ಈ ಊರಲ್ಲಿ ಗದ್ದೆಗೆ ಇಷ್ಟು ಬೀಜ, ಇಷ್ಟು ಫಸಲು, ಇಷ್ಟು ಕಂದಾಯ. ಕತೆ ಬೇಕು ಅನ್ನುವವರು ಹತ್ತು ಪುಟಕ್ಕೆ ಆಕಳಿಸುತ್ತಾರೆ. ಊರಿನ ಹಿಂದಿನ ಬದುಕು ತಿಳಿಯಬೇಕು ಅನ್ನುವವರು ಮಾತ್ರ ಕೆಳಗಿಡುವುದಿಲ್ಲ.

ನಮ್ಮದು ಸಾಗರದ ಕಡೆ, ಅಡಿಕೆ ತೋಟ. ನನಗೆ ಬೇಕಾಗಿದ್ದು ಮೂರನೇ ಸಂಪುಟ ಒಂದೇ. ಮಂಗಳೂರಿನಿಂದ ಕರಾವಳಿ ಹಿಡಿದು ಹೊನ್ನಾವರ, ಗೋಕರ್ಣ ದಾಟಿ, ಘಟ್ಟ ಹತ್ತಿ, ಸೋಂದೆ, ಶಿರಸಿ, ಬನವಾಸಿ, ಇಕ್ಕೇರಿ, ನಗರದ ಮೇಲೆ ಅವನು ಹೋದದ್ದು ಅದರಲ್ಲೇ ಇದೆ. ಹಾಗಾಗಿ ಮೂರನೇ ಸಂಪುಟದ ಪೇಪರ್‌ಬ್ಯಾಕ್ ನೋಡಿದ ಕೂಡಲೇ ಆರ್ಡರ್ ಮಾಡಿದೆ. ಒಂಬೈನೂರು ಚಿಲ್ಲರೆ ರೂಪಾಯಿ. ಮುಖಪುಟದಲ್ಲಿ ಯಾವುದೋ ಮರುಭೂಮಿ, ಒಂಟೆ. ಶಿರಸಿ ದಾರಿಯಲ್ಲಿ ಒಂಟೆ! ಅಲ್ಲೇ ಅನುಮಾನ ಬರಬೇಕಿತ್ತು.

ಆದದ್ದೇನು ಅಂದರೆ, ಆ ಪುಸ್ತಕ ಮಾಡಿದವರು ಹಳೇ ಪುಟಗಳ ಫೋಟೋ ಅಚ್ಚು ಹಾಕಿರಲಿಲ್ಲ. ಫೋಟೋದಿಂದ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶಕ್ಕೆ ಕೊಟ್ಟು, ಅದು ಉಗುಳಿದ್ದನ್ನು ಒಬ್ಬರೂ ಓದಿ ನೋಡದೆ ಹಾಗೇ ಅಚ್ಚಿಗೆ ಹಾಕಿದ್ದರು. ಬೇರೆ ಪುಸ್ತಕವಾಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಬುಕಾನನ್ ವಿಷಯದಲ್ಲಿ ಆಗುವುದಿಲ್ಲ. ಯಾಕೆಂದರೆ 1807ರ ಮುದ್ರಣದಲ್ಲಿ ಪ್ರತಿ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದ ಟಿಪ್ಪಣಿ ಇದೆ. ಮೇಲೆ ಅಧ್ಯಾಯ, ತಾರೀಕು. ಕೆಳಗೆ ಆ ಪ್ಯಾರಾ ಯಾವುದರ ಬಗ್ಗೆ ಅನ್ನುವುದಕ್ಕೆ ಒಂದೆರಡು ಪದ. ಭತ್ತ, ದನಕರು, ಉಪ್ಪು, ಅಳತೆ, ಹೀಗೆ. ಕಣ್ಣಿಗೆ ಬಹಳ ಅನುಕೂಲ. ಬೇಕಾದ್ದನ್ನು ಹುಡುಕಲು ಅಂಚಿನ ಮೇಲೆ ಬೆರಳು ಓಡಿಸಿದರೆ ಸಾಕು.

ಓಸಿಆರ್‌ಗೆ ಅಂಚು ಯಾವುದು, ಒಳಗಿನ ಸಾಲು ಯಾವುದು ಅಂತ ಗೊತ್ತಾಗಿಲ್ಲ. ಎಡದಿಂದ ಬಲಕ್ಕೆ ಒಂದೇ ಸಮನೆ ಓದಿಕೊಂಡು ಹೋಗಿದೆ. ಗದ್ದೆ ಉಳುವ ಮಾತು ನಡೆಯುತ್ತಿರುತ್ತದೆ, ವಾಕ್ಯದ ನಡುವೆ ‘ಅಧ್ಯಾಯ’ ಅನ್ನುವ ಪದ ತೂರಿಕೊಳ್ಳುತ್ತದೆ. ಮುಂದಿನ ಸಾಲಲ್ಲಿ ‘ಫೆಬ್ರವರಿ’. ಮತ್ತೆರಡು ಸಾಲಿಗೆ ‘ದನಕರು’. ಅಂಚಿನ ಪದ ಎರಡು ತುಂಡಾಗಿದ್ದರೆ ಅರ್ಧ ಇಲ್ಲಿ, ಇನ್ನರ್ಧ ಮೂರು ಸಾಲಿನ ಕೆಳಗೆ. ಅಪ್ಪನಿಗೆ ನಾನು ಸಂಜೆ ಹೊತ್ತು ಕನ್ನಡ ಮಾಡಿ ಓದಿ ಹೇಳುತ್ತಿದ್ದೆ. ಎರಡನೇ ದಿನಕ್ಕೇ, “ಎಂತದಾ ಅದು, ಸರಿ ಓದಾ ತಮ್ಮಾ” ಅಂದರು. ಸರಿಯಾಗಿ ಓದಲು ಅಲ್ಲಿ ಇದ್ದರಲ್ಲವಾ?

ಅದಕ್ಕಿಂತ ಸಿಟ್ಟು ಬಂದಿದ್ದು ನಮ್ಮ ಪದಗಳ ಗತಿ ನೋಡಿ. ಈ ಪುಸ್ತಕದ ಜೀವವೇ ಅಲ್ಲಿದೆ. ರೈತರ ಬಾಯಲ್ಲಿ ಕೇಳಿದ ಮಾತನ್ನು ಬುಕಾನನ್ ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಬರೆದುಕೊಂಡಿದ್ದಾನೆ. ದಕ್ಷಿಣ ಕನ್ನಡದ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಅಂತ ಮೂರು ಬಗೆ. ಬೆಳೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ. ಅಳತೆಗೆ ಕೊಳಗ, ಖಂಡುಗ. ಅವನ ಕಾಗುಣಿತ ಮೊದಲೇ ವಿಚಿತ್ರ, ಬಾಯಿಬಿಟ್ಟು ಜೋರಾಗಿ ಓದಿದರೆ ಮಾತ್ರ ನಮ್ಮ ಪದ ಹೊರಗೆ ಬರುತ್ತದೆ. ಅದರ ಮೇಲೆ ಓಸಿಆರ್ ಇಂಗ್ಲಿಷಿನ ‘ಇ’ಯನ್ನು ‘ಸಿ’ ಮಾಡಿದರೆ? ಮಜಲು ಹೋಗಿ ‘ಮಜ್‌ಕ್ಲು’ ಆಗುತ್ತದೆ. ಕೊಳಕೆ ಎಲ್ಲೋ ಒಂದು ಕಡೆ ‘ಗೊಲಕಿ’ ಆಗಿತ್ತು. ಇಂಗ್ಲಿಷ್ ಪದ ಕೆಟ್ಟರೆ ಊಹೆ ಮಾಡಬಹುದು. ಇನ್ನೂರು ವರ್ಷದ ಹಿಂದಿನ ತುಳು ಪದ, ಕನ್ನಡ ಪದ ಕೆಟ್ಟರೆ ಏನಂತ ಊಹಿಸುವುದು?

ಕೋಷ್ಟಕಗಳ ಕತೆ ಕೇಳಲೇಬೇಡಿ. ಬೀಜ, ಫಸಲು, ಬೆಲೆ ಎಲ್ಲ ಒಂದೇ ಗುಡ್ಡೆ. ಚಿತ್ರಗಳು ಇಲ್ಲವೇ ಇಲ್ಲ.

ವಾಪಸ್ ಕಳಿಸಲು ಹೋದೆ. ಪುಸ್ತಕ ಹರಿದಿದೆಯೇ, ಬೇರೆ ಪುಸ್ತಕ ಬಂದಿದೆಯೇ ಅಂತ ಕೇಳಿದರು. ಎರಡೂ ಅಲ್ಲ, ಒಳಗಿನ ಅಕ್ಷರ ಸರಿ ಇಲ್ಲ ಅಂದೆ. ಆ ಕಾರಣಕ್ಕೆ ಅವರ ಪಟ್ಟಿಯಲ್ಲಿ ಜಾಗ ಇರಲಿಲ್ಲ. ಅಷ್ಟರಲ್ಲಿ ಹತ್ತು ದಿನ ಕಳೆಯಿತು, ಗಡುವು ಮುಗಿಯಿತು.

ಹಾರ್ಡ್‌ಬೌಂಡ್ ಮರುಮುದ್ರಣದ ಬಗ್ಗೆ ದೂರು ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ. 1807ರ ಪುಟಗಳನ್ನೇ ಫೋಟೋ ತೆಗೆದು ಅಚ್ಚು ಹಾಕಿದ್ದು. ಅಂಚಿನ ಟಿಪ್ಪಣಿ ಅಂಚಿನಲ್ಲೇ ಇದೆ. ನೇಗಿಲು, ಬೇಸಾಯದ ಸಲಕರಣೆಗಳ ಚಿತ್ರ ಇವೆ, ಸ್ವಲ್ಪ ಮಸಿ ಹಿಡಿದ ಹಾಗೆ ಕಪ್ಪು ಅಷ್ಟೇ. ಕಪಾಟಿನಲ್ಲಿ ಇಟ್ಟರೆ ಲಕ್ಷಣವಾಗಿ ಕಾಣುತ್ತದೆ. ತೊಂದರೆ ಏನೆಂದರೆ ಮೂರೂ ಸಂಪುಟ ಒಟ್ಟಿಗೇ ಕೊಳ್ಳಬೇಕು. ನನ್ನ ಗೆಳೆಯ ಕೊಟ್ಟ ದುಡ್ಡಿಗೆ ನಮ್ಮ ತೋಟಕ್ಕೆ ಒಂದು ಸಲದ ಔಷಧಿಯ ಮೈಲುತುತ್ತ ಬರುತ್ತಿತ್ತು. ಮತ್ತೆ ಅದನ್ನು ಹೊಟ್ಟೆ ಮೇಲೆ ಇಟ್ಟುಕೊಂಡು ಮಲಗಿ ಓದಲು ಆಗುವುದಿಲ್ಲ. ಪೆನ್ಸಿಲ್ ಗೀರು ಹಾಕಲು ಗೆಳೆಯ ಬಿಡಲಿಲ್ಲ, ಅವನ ತಪ್ಪಲ್ಲ. ಸಂಶೋಧನೆ ಮಾಡುವವರು, ಗ್ರಂಥಾಲಯದವರು ಇದನ್ನೇ ಕೊಳ್ಳಲಿ.

ಇನ್ನು ನನ್ನ ಜೆರಾಕ್ಸ್ ಪ್ರತಿ. ಪುಸ್ತಕಕ್ಕೆ ಇನ್ನೂರು ವರ್ಷ ದಾಟಿದೆ, ಹಕ್ಕುಸ್ವಾಮ್ಯದ ತಲೆನೋವಿಲ್ಲ. ಮೊಬೈಲಿನಲ್ಲೇ ಓದೋಣ ಅಂತ ಒಂದು ವಾರ ನೋಡಿದೆ. ಹಿಗ್ಗಿಸು, ಕುಗ್ಗಿಸು, ಮತ್ತೆ ಹಿಗ್ಗಿಸು. ಸಾಕಾಯಿತು. ಕೊನೆಗೆ ಕರಾವಳಿ ಮತ್ತು ಘಟ್ಟದ ಮೇಲಿನ ಅಧ್ಯಾಯಗಳನ್ನಷ್ಟೇ ಆರಿಸಿ, ಇನ್ನೂರ ಚಿಲ್ಲರೆ ಪುಟ ಪ್ರಿಂಟ್ ಹಾಕಿಸಿದೆ. ಪುಟಕ್ಕೆ ಒಂದು ರೂಪಾಯಿ, ಸ್ಪೈರಲ್‌ಗೆ ನಲವತ್ತು. ಮೂಲ ಪುಸ್ತಕದ ಪುಟವೇ ದೊಡ್ಡದಾದ್ದರಿಂದ ಎ4 ಹಾಳೆಯಲ್ಲಿ ಅಕ್ಷರ ಚೆನ್ನಾಗಿ ಕೂರುತ್ತದೆ. ಅಪ್ಪನ ಕನ್ನಡಕಕ್ಕೂ ಸಾಕು.

ಹೀಗೆ ಮಾಡಿಸುವವರಿಗೆ ಎರಡು ಎಚ್ಚರಿಕೆ. ಸ್ಕ್ಯಾನ್‌ನ ಹಳದಿ ಹಿನ್ನೆಲೆ ತೆಗೆದು ಪೂರ್ತಿ ಕಪ್ಪು-ಬಿಳುಪು ಮಾಡಿಕೊಂಡು ಹೋಗಿ. ನಾನು ಮೊದಲ ಸಲ ಹಾಗೇ ಕೊಟ್ಟೆ, ಹಾಳೆಯೆಲ್ಲ ಬೂದಿ ಬಳಿದ ಹಾಗೆ ಬಂತು. ಟೋನರ್ ಕುಡಿದುಬಿಟ್ಟಿತು ಅಂತ ಅಂಗಡಿಯ ಹುಡುಗ ನನ್ನನ್ನೇ ಬೈದ. ಎರಡನೆಯದು, ಯಾವ ಮುದ್ರಣದ ಸ್ಕ್ಯಾನ್ ಅಂತ ನೋಡಿಕೊಳ್ಳಿ. 1870ರಲ್ಲಿ ಮದ್ರಾಸಿನಲ್ಲಿ ಇದೇ ಪುಸ್ತಕವನ್ನು ಹೊಸದಾಗಿ ಜೋಡಿಸಿ ಎರಡೇ ಸಂಪುಟದಲ್ಲಿ ತಂದರು. ಯಾರಾದರೂ ‘ಮೂರನೇ ಸಂಪುಟ, ಇಂಥ ಪುಟ’ ಅಂತ ಬರೆದಿದ್ದರೆ ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ. ನಕ್ಷೆ ಮಾತ್ರ ನನಗೆ ಸರಿಯಾಗಿ ದಕ್ಕಲಿಲ್ಲ. ಸ್ಕ್ಯಾನ್ ಮಾಡಿದವರು ಮಡಿಚಿದ ಹಾಳೆಯನ್ನು ಬಿಚ್ಚುವ ಗೋಜಿಗೇ ಹೋಗಿಲ್ಲ. ಗೆಳೆಯನ ಪ್ರತಿಯಿಂದ ಮೊಬೈಲಿನಲ್ಲಿ ಫೋಟೋ ತೆಗೆದು ಕೊನೆಗೆ ಸೇರಿಸಿದೆ.

ಅಂಚಿನ ಖಾಲಿ ಜಾಗದಲ್ಲಿ ಈಗ ಬುಕಾನನ್ ಟಿಪ್ಪಣಿಯ ಪಕ್ಕ ಅಪ್ಪನ ಟಿಪ್ಪಣಿ. ಹೈಗದ ಬ್ರಾಹ್ಮಣರು, ಅಂದರೆ ಹವ್ಯಕರು, ತಮ್ಮ ತೋಟದಲ್ಲಿ ತಾವೇ ಮೈಮುರಿದು ದುಡಿಯುತ್ತಾರೆ ಅಂತ ಅವನು ಬರೆದ ಕಡೆ ಅಪ್ಪ ಎರಡು ಅಡ್ಡಗೆರೆ ಎಳೆದಿದ್ದಾರೆ. ಬುಕಾನನ್ ಬ್ರಾಹ್ಮಣರ ಬಗ್ಗೆ ಒಳ್ಳೆ ಮಾತಾಡುವುದು ಅಪರೂಪ, ಅದಕ್ಕೇ ಇರಬೇಕು. ಅಡಿಕೆಯ ಲೆಕ್ಕ ಬಂದ ಕಡೆ ಮಾತ್ರ ‘ಸುಳ್ಳು’ ಅಂತ ಬರೆದಿದ್ದಾರೆ. ಕಂದಾಯಕ್ಕೆ ಹೆದರಿ ಆಗಿನವರು ಫಸಲು ಕಡಿಮೆ ಹೇಳಿರುತ್ತಾರೆ ಅನ್ನುವುದು ಅವರ ವಾದ. ಒಂಬೈನೂರರ ಪುಸ್ತಕದಲ್ಲಿ ಆ ಲೆಕ್ಕ ಓದಲೇ ಬರುತ್ತಿರಲಿಲ್ಲ.

ಮೊದಲ ಸಂಪುಟದ ಶ್ರೀರಂಗಪಟ್ಟಣ, ಬೆಂಗಳೂರು ಭಾಗ ಬಾಕಿ ಇದೆ. ಕೊನೆ ಕೊಯ್ಲು ಮುಗಿಯಲಿ, ಪೇಟೆಗೆ ಹೋದಾಗ ಅದನ್ನೂ ಪ್ರಿಂಟ್ ಹಾಕಿಸಬೇಕು. ಒಂಟೆ ಪುಸ್ತಕ ಸದ್ಯಕ್ಕೆ ಇನ್ವರ್ಟರ್ ಅಡಿಗೆ ಇದೆ, ಅಲ್ಲಿ ನೆಲ ಸ್ವಲ್ಪ ತಗ್ಗು.