ಬೆಂಗಳೂರಿಗೆ ದಾಬೋಳಿಯಿಂದಲೋ, ಮೋಪಾದಿಂದಲೋ: ವಾಸ್ಕೊ ನಿವಾಸಿಯ ಹೋಲಿಕೆ

ಗೋವಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಬೆಂಗಳೂರಿನ ವಿಮಾನ ಹಿಡಿಯಲು ಬಹುಕಾಲ ದಾಬೋಳಿಯೊಂದೇ ದಾರಿಯಾಗಿತ್ತು. ಪೆಡ್ನೆ ತಾಲ್ಲೂಕಿನ ಮೋಪಾದಲ್ಲಿರುವ ಮನೋಹರ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ 2023ರ ಜನವರಿ 5ರಂದು ಪ್ರಯಾಣಿಕರ ಹಾರಾಟ ಆರಂಭವಾದ ಮೇಲೆ ಟಿಕೆಟ್ ಹುಡುಕುವಾಗ ಎರಡು ಹೆಸರುಗಳು ಕಾಣತೊಡಗಿದವು. ದರ ಕಡಿಮೆ ಇರುವುದನ್ನೇ ಆರಿಸುವುದು ಹಲವರ ರೂಢಿಯಾಯಿತು. ವಾಸ್ಕೊದಲ್ಲಿ ಮನೆಯಿರುವ ನಾನು ಎರಡೂ ಕಡೆಯಿಂದ, ಬೇಸಿಗೆಯಲ್ಲಿಯೂ ಮಳೆಗಾಲದಲ್ಲಿಯೂ, ಪ್ರಯಾಣ ಮಾಡಿ ನೋಡಿದ್ದೇನೆ.

ಆಕಾಶಮಾರ್ಗದ ನೇರ ಅಂತರವನ್ನು ತೆಗೆದುಕೊಂಡರೆ, ದಾಬೋಳಿಯಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ಸುಮಾರು 480 ಕಿ.ಮೀ., ಮೋಪಾದಿಂದ ಸುಮಾರು 500 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ವಿಮಾನಕ್ಕೆ ಈ 20 ಕಿ.ಮೀ. ಎಂದರೆ ಒಂದೂವರೆ ನಿಮಿಷ. ವೇಳಾಪಟ್ಟಿಯಲ್ಲಿ ಎರಡಕ್ಕೂ ಒಂದೂಕಾಲು ಗಂಟೆಯ ಆಸುಪಾಸಿನ ಅವಧಿಯೇ ಇರುತ್ತದೆ. ಅದು ಕೇವಲ ಹಾರಾಟದ ಸಮಯವಲ್ಲ. ವಿಮಾನ ನಿಂತ ಜಾಗದಿಂದ ಹೊರಟು, ರನ್‌ವೇವರೆಗೆ ಸಾಗಿ, ಹಾರಿ, ಇಳಿದು, ಮತ್ತೆ ನಿಲ್ಲುವವರೆಗಿನ ಒಟ್ಟು ಸಮಯ. ಬೆಂಗಳೂರಿನಲ್ಲಿ ಇಳಿಯುವ ದಿಕ್ಕೇ ಇದಕ್ಕಿಂತ ಹೆಚ್ಚು ವ್ಯತ್ಯಾಸ ಮಾಡುತ್ತದೆ. ಅಲ್ಲಿನ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಮುಂಗಾರಿನ ಪಶ್ಚಿಮ ಗಾಳಿಗೆ ಎದುರಾಗಿ ಇಳಿಯಬೇಕಾದಾಗ, ಪಶ್ಚಿಮದಿಂದ ಬಂದ ನಮ್ಮ ವಿಮಾನ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ ತಿರುಗಿ ಬರಬೇಕಾಗುತ್ತದೆ. ಎಲ್ಲಿಂದ ಹೊರಟರೂ ಈ ಸುತ್ತು ತಪ್ಪುವುದಿಲ್ಲ.

ನಿಜವಾದ ಅಂತರವಿರುವುದು ನೆಲದ ಮೇಲೆ. ವಾಸ್ಕೊ ಪೇಟೆಯಿಂದ ದಾಬೋಳಿ ನಿಲ್ದಾಣ ಕೆಲವೇ ಕಿಲೋಮೀಟರ್. ಆಟೊದಲ್ಲಿ ಹೋಗಿ ಇಳಿಯಬಹುದು. ಮೋಪಾಕ್ಕೆ ಜುವಾರಿ ಸೇತುವೆ, ಪಣಜಿ, ಮಾಪುಸಾ ದಾಟಿ ಸುಮಾರು 60 ಕಿ.ಮೀ. ಸಾಗಬೇಕು. ಹೊಸ ಜುವಾರಿ ಸೇತುವೆ ಬಂದಮೇಲೆ ಹಾದಿ ಸುಗಮವಾಗಿದೆಯಾದರೂ, ಸಂಜೆ ಪಣಜಿಯ ಸುತ್ತಮುತ್ತ ವಾಹನಗಳು ಕಿಕ್ಕಿರಿದರೆ ದಾರಿಯ ಸಮಯವೇ ಹಾರಾಟದ ಸಮಯವನ್ನು ಮೀರುತ್ತದೆ. ಟ್ಯಾಕ್ಸಿಯ ಖರ್ಚನ್ನು ಸೇರಿಸಿ ನೋಡಿದಾಗ ಮೋಪಾದ ಅಗ್ಗದ ಟಿಕೆಟ್ ನನಗೆ ಬಹುತೇಕ ಅಗ್ಗವಾಗಿ ಉಳಿದಿಲ್ಲ. ಮಾಪುಸಾದಲ್ಲಿ ಇರುವವರಿಗೆ ಈ ಲೆಕ್ಕ ಪೂರ್ತಿ ತಿರುಗುಮುರುಗಾಗುತ್ತದೆ. ಕಾರವಾರದಿಂದ ಬರುವವರಿಗೆ ಮಾತ್ರ ನಮ್ಮಂತೆಯೇ ದಾಬೋಳಿ ಹತ್ತಿರ.

ಹಾಗೆಂದು ದಾಬೋಳಿಗೆ ಮಿತಿಯಿಲ್ಲವೆಂದಲ್ಲ. ಅದು ನೌಕಾಪಡೆಯ ಐಎನ್‌ಎಸ್ ಹಂಸ ನೆಲೆಯೂ ಹೌದು. ಸೇನಾ ತರಬೇತಿಯ ಕಾರಣ ವಾರದ ದಿನಗಳ ಬೆಳಗಿನ ವೇಳೆಯಲ್ಲಿ ನಾಗರಿಕ ವಿಮಾನಗಳಿಗೆ ಬಹುಕಾಲದಿಂದ ನಿರ್ಬಂಧವಿದೆ. ಮಧ್ಯಾಹ್ನ ಹನ್ನೆರಡಕ್ಕೆ ಬೆಂಗಳೂರಿನಲ್ಲಿ ಕೆಲಸವಿದ್ದರೆ ಮೋಪಾದ ಸಮಯಗಳೇ ಹೊಂದುತ್ತವೆ. ಅಲ್ಲಿನ ಕಟ್ಟಡ ವಿಶಾಲವಾಗಿದೆ, ಹಿರಿಯರಿಗೆ ನಡೆದಾಟ ಸಲೀಸಾಗಿದೆ ಎಂಬುದನ್ನೂ ಹೇಳಲೇಬೇಕು.

ಮರಳುವ ಪ್ರಯಾಣಕ್ಕಾದರೆ ನಾನು ದಾಬೋಳಿಯನ್ನೇ ಆರಿಸುತ್ತೇನೆ. ಮೋಪಾದಿಂದ ಕದಂಬ ಸಾರಿಗೆಯ ಬಸ್ಸುಗಳು ಪಣಜಿಗೆ ಬರುತ್ತವೆ, ಆದರೆ ರಾತ್ರಿ ಹೊತ್ತಾದರೆ ಪಣಜಿಯಿಂದ ವಾಸ್ಕೊಕ್ಕೆ ಬಸ್ಸು ಸಿಗುವುದು ಕಷ್ಟ. ಬೆಳಿಗ್ಗೆ ಮೋಪಾದಿಂದ ಹೋಗಿ ಸಂಜೆ ದಾಬೋಳಿಗೆ ಬರುವಂತೆ ಎರಡು ಬೇರೆ ಟಿಕೆಟ್ ಕಾಯ್ದಿರಿಸುವುದು ನನಗೆ ಹೆಚ್ಚು ಒಗ್ಗಿದೆ. ಸ್ವಂತ ಕಾರನ್ನು ಮೋಪಾದಲ್ಲಿ ನಿಲ್ಲಿಸಿ ಹೋಗುವವರಿಗೆ ಮಾತ್ರ ಈ ಏರ್ಪಾಡು ಹೊಂದುವುದಿಲ್ಲ.